ಹೇಂಟೆಯ ಕಾವು, ಬಾತಿನ ಮರಿ

ಕೋಳಿಮೊಟ್ಟೆ ಮರಿಯಾಗಲು 21 ದಿನ ಸಾಕು. ಬಾತುಕೋಳಿಯ ಮೊಟ್ಟೆಗೆ 28 ದಿನ ಬೇಕು. ನಾಟಿ ಹೇಂಟೆಯನ್ನು ಬಾತಿನ ಮೊಟ್ಟೆಯ ಮೇಲೆ ಕೂರಿಸುವವರು ಅದರಿಂದ ಒಂದು ವಾರ ಹೆಚ್ಚಿಗೆ ದುಡಿಸಿಕೊಳ್ಳುತ್ತಾರೆ. ಹೇಂಟೆ ದಿನ ಎಣಿಸುವುದಿಲ್ಲ. ಮೈಯಲ್ಲಿ ಕಾವು ಇರುವಷ್ಟು ದಿನ, ಹೊಟ್ಟೆಯಡಿ ಮೊಟ್ಟೆ ತಾಗುವಷ್ಟು ದಿನ ಕೂತೇ ಇರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಿತ್ತಿಲುಗಳಲ್ಲಿ ಬಾತುಕೋಳಿ ಎಂದೂ ಕೋಳಿಯಷ್ಟು ಬಳಕೆಗೆ ಬರಲಿಲ್ಲ. ಬಂದದ್ದಕ್ಕೂ, ಹೆಚ್ಚು ಬಾರದೆ ಹೋದದ್ದಕ್ಕೂ ಕಾರಣ ಹುಡುಕುತ್ತ ಹೊರಟರೆ ದಾರಿ ಮತ್ತೆ ಮತ್ತೆ ಈ ಕಾವಿನ ಬಳಿಗೇ ಬರುತ್ತದೆ.

ಈ ಸೀಮೆ ಹೊಳೆಗಳದ್ದಲ್ಲ, ಕೆರೆಗಳದ್ದು. ನಂದಿಬೆಟ್ಟದ ಸುತ್ತ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗೆ, ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಗೆ ಇಳಿಯುತ್ತವೆ. ಮಳೆ ಬಂದರೆ ನೀರು, ಇಲ್ಲದಿದ್ದರೆ ಮರಳು. ಕೆರೆಯ ಹಿಂದಿನ ಅಚ್ಚುಕಟ್ಟಿನಲ್ಲಿ ಒಂದಿಷ್ಟು ಭತ್ತ, ಉಳಿದದ್ದೆಲ್ಲ ರಾಗಿ, ಅವರೆ, ಹುರುಳಿಯ ಕೆಂಪು ಹೊಲ. ಬಾತುಕೋಳಿಗೆ ಬೇಕಾದ್ದು ಕೆಸರು, ಬಸವನಹುಳು, ಸುಗ್ಗಿಯಲ್ಲಿ ಉದುರಿದ ಭತ್ತ. ಇವು ಧಾರಾಳವಾಗಿರುವ ಬಂಗಾಳ, ಅಸ್ಸಾಂ ಮತ್ತು ಕೇರಳದ ಕುಟ್ಟನಾಡಿನಲ್ಲಿ ಬಾತು ಸಾಕಣೆ ಮನೆಮನೆಯ ಕಸುಬಾಯಿತು. 2019ರ ಜಾನುವಾರು ಗಣತಿಯಲ್ಲಿ ದೇಶದ ಬಾತುಕೋಳಿಗಳ ಸಂಖ್ಯೆ 3 ಕೋಟಿ ದಾಟಿತ್ತು. ಅದರಲ್ಲಿ ದೊಡ್ಡ ಪಾಲು ಪಶ್ಚಿಮ ಬಂಗಾಳ ಮತ್ತು ಅಸ್ಸಾಮಿನದು. ಬೆಂಗಳೂರಿನ ಸುತ್ತಲ ಹಳ್ಳಿಗಳಿಗೆ ಮುದ್ದೆಯ ಜೊತೆ ನಾಟಿಕೋಳಿ ಸಾರೇ ಸಾಕಾಗಿತ್ತು.

ಹಾಗೆಂದು ಇಲ್ಲಿನವರಿಗೆ ಬಾತು ಹೊಸ ಹಕ್ಕಿಯಲ್ಲ. ಹೊಸಕೋಟೆಯ ದೊಡ್ಡ ಕೆರೆಗೆ ಚಳಿಗಾಲದಲ್ಲಿ ಸೂಜಿಬಾಲದ ಬಾತು, ಚಮಚದ ಕೊಕ್ಕಿನ ಬಾತುಗಳು ಉತ್ತರದಿಂದ ಬಂದಿಳಿಯುತ್ತವೆ. ಚುಕ್ಕೆ ಕೊಕ್ಕಿನ ಬಾತು ವರ್ಷವಿಡೀ ಇಲ್ಲೇ ಇದ್ದು, ಕೆರೆಯಂಚಿನ ಜೊಂಡಿನಲ್ಲಿ ಗೂಡು ಮಾಡಿ, ತಾನೇ ಕಾವು ಕೊಟ್ಟು ಮರಿ ಮಾಡುತ್ತದೆ. 1809ರಲ್ಲಿ ಬೆಂಗಳೂರಿನಲ್ಲಿ ಕಂಟೋನ್ಮೆಂಟ್ ಎದ್ದ ಮೇಲೆ ಈ ಕಾಡುಬಾತುಗಳು ಸೇನಾಧಿಕಾರಿಗಳ ಕೋವಿಗೆ ಗುರಿಯಾದವು. ಆಂಗ್ಲೋ ಇಂಡಿಯನ್ ಮನೆಗಳ ಕ್ರಿಸ್‌ಮಸ್ ಊಟಕ್ಕೆ ಬಾತುಕೋಳಿ ರೋಸ್ಟ್ ಬೇಕಾಯಿತು. ಊರ ಕೋಳಿಯ ಜೊತೆಗೆ ನಾಲ್ಕು ಬಾತುಗಳನ್ನೂ ಸಾಕಿದರೆ ಪೇಟೆಯಲ್ಲಿ ಕೊಳ್ಳುವವರಿದ್ದಾರೆ ಎನ್ನುವ ಕಾಲ ಬಂದದ್ದು ಹೀಗೆ.

ಸಾಕುವವರಿಗೆ ಎದುರಾದ ಮೊದಲ ತೊಡಕು, ಮೊಟ್ಟೆ ಇಡುವ ಬಾತು ಕಾವಿಗೆ ಕೂರದಿರುವುದು.

ಮಸ್ಕೋವಿ ಒಂದನ್ನು ಬಿಟ್ಟರೆ ಲೋಕದ ಸಾಕುಬಾತುಗಳೆಲ್ಲ ಮಲ್ಲಾರ್ಡ್ ಎಂಬ ಕಾಡುಬಾತಿನ ವಂಶದವು. ಕಾಡಿನ ಮಲ್ಲಾರ್ಡ್ ಹತ್ತರ ಆಸುಪಾಸು ಮೊಟ್ಟೆ ಇಟ್ಟು, ತನ್ನ ಎದೆಯ ನಯವಾದ ಪುಕ್ಕವನ್ನು ತಾನೇ ಕಿತ್ತು ಗೂಡಿಗೆ ಹಾಸಿ, ನಾಲ್ಕು ವಾರ ಕೂರುತ್ತದೆ. ಕೂತ ಹಕ್ಕಿಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿರುತ್ತದೆ. ಮೊಟ್ಟೆ ಇಡುವುದು ನಿಂತಿರುತ್ತದೆ. ಮೊಟ್ಟೆ ಮಾರಿ ಬದುಕುವವನಿಗೆ ಇದು ನಷ್ಟ. ತಲೆಮಾರುಗಳ ಕಾಲ ಹೆಚ್ಚು ಮೊಟ್ಟೆಯ, ಕಾವಿಗೆ ಕೂರದ ಹಕ್ಕಿಗಳನ್ನೇ ಆರಿಸಿ ಉಳಿಸಿಕೊಂಡದ್ದರಿಂದ ಸಾಕುಬಾತಿನಲ್ಲಿ ತಾಯ್ತನದ ಆ ಗುಣ ಸವೆದುಹೋಯಿತು. ಇದರ ತುತ್ತತುದಿ ಖಾಕಿ ಕ್ಯಾಂಪ್‌ಬೆಲ್. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನ ಅಡೆಲ್ ಕ್ಯಾಂಪ್‌ಬೆಲ್ ಎಂಬಾಕೆ ರನ್ನರ್ ತಳಿಯ ಹೆಣ್ಣಿಗೆ ರೂಆನ್ ತಳಿಯ ಗಂಡು, ಆಮೇಲೆ ಮಲ್ಲಾರ್ಡ್ ರಕ್ತ ಬೆರೆಸಿ 20ನೇ ಶತಮಾನದ ಹೊಸ್ತಿಲಲ್ಲಿ ಇದನ್ನು ರೂಪಿಸಿದರು. ಚೆನ್ನಾಗಿ ಮೇಯಿಸಿದರೆ ವರ್ಷಕ್ಕೆ 300ರ ಹತ್ತಿರ ಮೊಟ್ಟೆ. ಒಂದರ ಮೇಲೂ ಕೂರುವುದಿಲ್ಲ. ನಸುಕಿನಲ್ಲಿ ಸಿಕ್ಕಸಿಕ್ಕಲ್ಲಿ ಇಟ್ಟು, ಹಿಂದಿರುಗಿ ನೋಡದೆ ಹೋಗುತ್ತದೆ. ಬೆಳಗ್ಗೆ ಒಂಬತ್ತರವರೆಗೆ ಬಾತಿನ ಗೂಡಿನ ಬಾಗಿಲು ತೆಗೆಯಬಾರದು ಎಂಬ ಪಾಠ ಹುಟ್ಟಿದ್ದು ಇದರಿಂದಲೇ. ಮುಂಚೆ ಬಿಟ್ಟರೆ ಮೊಟ್ಟೆ ಕೆರೆಯ ಪಾಲು.

ಬಾತಿಗೆ ಬಾರದ ಕಾವನ್ನು ಕೋಳಿಯಿಂದ ಕಡ ತರುವುದು ಹಳೆಯ ಉಪಾಯ. ರೋಮಿನ ಸಿಸೆರೊ ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲೇ ಇದನ್ನು ಬರೆದಿಟ್ಟಿದ್ದಾನೆ: ಹೇಂಟೆಯ ಅಡಿ ಇಟ್ಟ ಬಾತಿನ ಮೊಟ್ಟೆಗಳು ಮರಿಯಾಗುತ್ತವೆ, ಅವು ಮೊದಲು ಅವಳನ್ನೇ ತಾಯಿ ಎಂದುಕೊಳ್ಳುತ್ತವೆ, ನೀರು ಕಂಡ ದಿನ ಅವಳನ್ನು ಬಿಟ್ಟು ಇಳಿಯುತ್ತವೆ. ಚೀನಾದವರು ಇನ್ನೊಂದು ದಾರಿ ಹಿಡಿದರು. ಬಿಸಿಮಾಡಿದ ಭತ್ತದ ಹೊಟ್ಟಿನ ನಡುವೆ ಬುಟ್ಟಿಗಳಲ್ಲಿ ಮೊಟ್ಟೆ ತುಂಬಿ, ಬಲಿತ ಮೊಟ್ಟೆಗಳು ತಾವೇ ಹೊರಸೂಸುವ ಶಾಖವನ್ನು ಹೊಸ ಮೊಟ್ಟೆಗಳಿಗೆ ದಾಟಿಸುತ್ತ, ಸಾವಿರಗಟ್ಟಲೆ ಮರಿ ಮಾಡಿದರು. ಕುಟ್ಟನಾಡಿನಲ್ಲಿ ಚಾರ, ಚೆಂಬಲ್ಲಿ ಬಾತುಗಳ ದೊಡ್ಡ ಹಿಂಡುಗಳಿದ್ದರೂ ಯಂತ್ರ ಬರುವ ಮುನ್ನ ಅವುಗಳ ಮರಿ ಮಾಡಿಸುತ್ತಿದ್ದುದು ಮನೆಮನೆಯ ಹೇಂಟೆಗಳೇ. ಬಯಲುಸೀಮೆಯಲ್ಲಿ ಹಿಂಡುಗಳಿರಲಿಲ್ಲ. ಇದ್ದ ನಾಲ್ಕಾರು ಬಾತಿಗೂ ಆಸರೆ ಆ ಹೇಂಟೆಯೇ, ಹಳ್ಳಿಯ ಬಾಯಲ್ಲಿ ‘ಯಾಟೆ’.

ಕೂರಿಸುವ ಕೆಲಸ ಹೆಂಗಸರದ್ದು. ಯಾವ ಯಾಟೆ ಕಾವಿಗೆ ಬಂದಿದೆ ಎಂಬುದು ಅವರಿಗೆ ಸದ್ದಿನಿಂದಲೇ ಗೊತ್ತಾಗುತ್ತದೆ. ಕೊರಗುಟ್ಟುವ ದನಿ, ಮೈ ಉಬ್ಬಿಸಿ ಕೂರುವ ಭಂಗಿ, ಕೈ ಹಾಕಿದರೆ ಕುಕ್ಕುವ ಸಿಟ್ಟು, ಹೊಟ್ಟೆಯಡಿಯ ಬರಿಮೈ ಬಿಸಿ. ಮೊಟ್ಟೆ ಬೇಕಾದವರು ಇಂಥ ಕೋಳಿಯ ಕಾವು ಬಿಡಿಸಲು ನೀರಲ್ಲಿ ಅದ್ದುವುದುಂಟು, ಮೂಗಿನ ಹೊಳ್ಳೆಗೆ ಪುಕ್ಕ ತೂರಿಸುವುದುಂಟು. ಮರಿ ಬೇಕಾದವರು ಕತ್ತಲು ಮೂಲೆಯಲ್ಲಿ ಮಂಕರಿ ಇಟ್ಟು, ಅಡಿಗೆ ಬೂದಿಯನ್ನೋ ಮರಳನ್ನೋ ಹಾಕಿ, ಮೇಲೆ ಹುಲ್ಲು ಹಾಸುತ್ತಾರೆ. ಸ್ವಂತ ಮೊಟ್ಟೆಯಾದರೆ ಹನ್ನೆರಡು, ಹದಿನೈದನ್ನು ಮುಚ್ಚುವ ರೆಕ್ಕೆಗೆ ಬಾತಿನ ಮೊಟ್ಟೆ ಎಂಟು, ಹತ್ತಕ್ಕೇ ತುಂಬುತ್ತದೆ. ಗುಡುಗು ಸಿಡಿಲಿಗೆ ಮೊಟ್ಟೆ ಕೆಡದಿರಲಿ ಎಂದು ಪಕ್ಕದಲ್ಲಿ ಒಂದು ಕಬ್ಬಿಣದ ಚೂರು, ಇದ್ದಿಲು ಇಡುವ ರೂಢಿ ದಕ್ಷಿಣದ ಹಳ್ಳಿಗಳಲ್ಲಿ ಇಂದಿಗೂ ಇದೆ.

ಆ ಇದ್ದಿಲಿಗೆ ಇನ್ನೊಂದು ಕೆಲಸವೂ ಉಂಟು. ಬಾತಿನ ಮೊಟ್ಟೆ 60ರಿಂದ 70 ಗ್ರಾಂ ತೂಗುತ್ತದೆ. ಚಿಕ್ಕ ಮೈಯ ನಾಟಿ ಹೇಂಟೆ ಅದನ್ನು ಕೊಕ್ಕಿನಿಂದ ಸರಿಯಾಗಿ ಹೊರಳಿಸಲಾರದು. ಹೊರಳದ ಮೊಟ್ಟೆಯಲ್ಲಿ ಭ್ರೂಣ ಒಂದು ಬದಿಯ ಪೊರೆಗೆ ಅಂಟಿ ಸಾಯುತ್ತದೆ. ಹಾಗಾಗಿ ಮೊಟ್ಟೆಯ ಒಂದು ಮಗ್ಗುಲಿಗೆ ಇದ್ದಿಲಿನಲ್ಲಿ ಗೀಟು ಎಳೆದು, ಯಾಟೆ ಮೇಯಲು ಎದ್ದಾಗ ದಿನಕ್ಕೆ ಎರಡು ಮೂರು ಸಲ ಕೈಯಾರೆ ತಿರುಗಿಸಬೇಕು. ತೇವದ ಚಿಂತೆಯೂ ಇದೆ. ಹೆತ್ತ ಬಾತು ನೀರಿಗಿಳಿದು ಒದ್ದೆ ಪುಕ್ಕದಲ್ಲೇ ಬಂದು ಕೂರುತ್ತದೆ. ಕೋಳಿಗೆ ನೀರೆಂದರೆ ದೂರ. ಆ ಕೊರತೆ ತುಂಬಲು ಕೊನೆಯ ಎರಡು ವಾರ ಮೊಟ್ಟೆಗೆ ಉಗುರುಬೆಚ್ಚಗಿನ ನೀರು ಚಿಮುಕಿಸುತ್ತಾರೆ. ಏಳನೆಯ ದಿನ ಕತ್ತಲಲ್ಲಿ ದೀಪಕ್ಕೆ ಹಿಡಿದರೆ ಫಲ ಕಟ್ಟಿದ ಮೊಟ್ಟೆಯೊಳಗೆ ಕೆಂಪು ನರಗಳ ಜಾಲ ಕಾಣುತ್ತದೆ. ಬರೀ ತಿಳಿಯಾಗಿದ್ದರೆ ಅದು ಬಂಜೆ ಮೊಟ್ಟೆ, ಒಲೆಗೆ ಹೋಗುತ್ತದೆ. ಮೂರು ವಾರ ದಾಟಿದ ಮೇಲೆ ಯಾಟೆಯನ್ನೂ ನೋಡಿಕೊಳ್ಳಬೇಕು. ಕೂತೇ ಸೊರಗಿದ ತಾಯಿಗೆ ದಿನಕ್ಕೊಮ್ಮೆಯಾದರೂ ಎಬ್ಬಿಸಿ ಕಾಳು, ನೀರು ಕೊಡದಿದ್ದರೆ ಕೊನೆಯ ವಾರ ಅದು ಮಂಕರಿ ಬಿಟ್ಟು ಹೋಗುವುದುಂಟು.

ಒಡೆಯುವುದು ಒಂದು ಗಳಿಗೆಯ ಕೆಲಸವಲ್ಲ. ಮರಿ ಮೊದಲು ಮೊಟ್ಟೆಯ ದಪ್ಪ ತುದಿಯ ಗಾಳಿಕೋಣೆಗೆ ಕೊಕ್ಕು ತೂರಿಸಿ ಉಸಿರಾಡಲು ಕಲಿಯುತ್ತದೆ. ಆಮೇಲೆ ಕೊಕ್ಕಿನ ತುದಿಯ ಗಟ್ಟಿ ಮೊನೆಯಿಂದ ಚಿಪ್ಪಿಗೆ ಒಂದು ನಕ್ಷತ್ರದಂಥ ಬಿರುಕು. ಅಲ್ಲಿಂದ ಹೊರಬರಲು ಒಂದು ಹಗಲು, ಒಂದು ರಾತ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಒಳಗಿನ ಹಳದಿ ಭಂಡಾರ ಹೊಟ್ಟೆಗೆ ಸೇರಿ, ಪೊರೆಯ ರಕ್ತನಾಳ ಬತ್ತುವ ತನಕ ಮರಿ ಬೇಕೆಂದೇ ಸುಮ್ಮನಿರುತ್ತದೆ. ಅವಸರಪಟ್ಟು ಚಿಪ್ಪು ಸುಲಿದವರು ರಕ್ತ ಸುರಿಸುವ ಮರಿಯನ್ನು ಕೈಯಲ್ಲಿ ಹಿಡಿಯಬೇಕಾಗುತ್ತದೆ. ಚಿಪ್ಪಿನೊಳಗಿಂದಲೇ ಕೇಳುವ ಪಿಳಿಪಿಳಿ ಸದ್ದಿಗೂ ಅರ್ಥವಿದೆ. ಮಲ್ಲಾರ್ಡ್ ಮರಿಗಳು ಹುಟ್ಟುವ ಮುನ್ನವೇ ತಮ್ಮ ಮತ್ತು ಒಡಹುಟ್ಟಿದವುಗಳ ದನಿ ಕೇಳಿ, ತಾಯಿಯ ಕರೆ ಗುರುತಿಸುವ ಶಕ್ತಿ ಪಡೆಯುತ್ತವೆ ಎಂದು ಅಮೆರಿಕದ ಗಿಲ್ಬರ್ಟ್ ಗಾಟ್ಲೀಬ್ ವರ್ಷಾನುಗಟ್ಟಲೆ ಪ್ರಯೋಗ ಮಾಡಿ ತೋರಿಸಿದರು.

ಹೊರಬಂದ ಮರಿ ಮೊದಲು ಕಂಡ, ಚಲಿಸುವ ಜೀವವನ್ನೇ ಹಿಂಬಾಲಿಸುತ್ತದೆ. ಹೆಬ್ಬಾತು, ಬಾತುಗಳ ಈ ಗುಣವನ್ನು 1935ರಲ್ಲಿ ವಿವರವಾಗಿ ಬರೆದ ಆಸ್ಟ್ರಿಯಾದ ಕಾನ್ರಾಡ್ ಲೊರೆಂಜ್ 1973ರಲ್ಲಿ ನೊಬೆಲ್ ಪಡೆದರು. ಹಿತ್ತಿಲಲ್ಲಿ ಇದರ ಪರಿಣಾಮ ಎರಡು ಬಗೆ. ಮೊದಲನೆಯದು ಸಿಸೆರೊ ಕಂಡದ್ದೇ: ಮರಿಗಳು ಕಲ್ಲುಬಾನಿಗೋ ಕಾಲುವೆಗೋ ಇಳಿದರೆ ದಡದಲ್ಲಿ ಯಾಟೆ ರೆಕ್ಕೆ ಬಡಿಯುತ್ತ ಅತ್ತಿಂದಿತ್ತ ಓಡುತ್ತದೆ. ಎರಡನೆಯದು ತಡವಾಗಿ ಬಯಲಾಗುವಂಥದ್ದು. ಹೇಂಟೆಯ ಹಿಂದೆ ಬೆಳೆದ ಗಂಡು ಬಾತು ಪ್ರಾಯಕ್ಕೆ ಬಂದಾಗ ತನ್ನ ಜಾತಿಯ ಹೆಣ್ಣನ್ನು ಬಿಟ್ಟು ಹೇಂಟೆಗಳ ಬೆನ್ನು ಹತ್ತುವುದುಂಟು. ಹುಂಜಕ್ಕಿಲ್ಲದ ಜನನಾಂಗ ಗಂಡು ಬಾತಿಗಿದೆ. ಈ ಬೇಟದಲ್ಲಿ ಹೇಂಟೆಗೆ ಒಳಗಾಯವಾಗಿ ಸಾಯುವ ಅಪಾಯವೂ ಇದೆ. ಎರಡು ಜಾತಿಯನ್ನು ಒಂದೇ ಗೂಡಿನಲ್ಲಿ ಕೂಡುವುದು ಬೇಡ ಎನ್ನುವುದು ಇದಕ್ಕೇ.

ಬಾತಿನ ಕೂಟಕ್ಕೆ ಅದರದೇ ಶಿಷ್ಟಾಚಾರವಿದೆ. ಗಂಡು ಹೆಣ್ಣು ಎದುರುಬದುರು ನಿಂತು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತವೆ. ಒಪ್ಪಿದ ಹೆಣ್ಣು ಕತ್ತು ಚಾಚಿ ನೀರಿನ ಮೇಲೆ ಚಪ್ಪಟೆಯಾಗುತ್ತದೆ, ಗಂಡು ಕತ್ತಿನ ಪುಕ್ಕ ಕಚ್ಚಿ ಏರುತ್ತದೆ. ಮುಗಿದ ಮೇಲೆ ಗಂಡು ಸುತ್ತ ಒಂದು ಸುತ್ತು ಈಜಿದರೆ, ಹೆಣ್ಣು ಮುಳುಗಿ ಎದ್ದು ರೆಕ್ಕೆ ಒದರುತ್ತದೆ. ನೀರು ಭಾರ ಹೊರುವುದರಿಂದ ಪೆಕಿನ್‌ನಂಥ ದಪ್ಪ ತಳಿಗಳಲ್ಲಿ ಕೂಟ ಸಲೀಸಾಗುತ್ತದೆ. ಕೆರೆಯೇ ಬೇಕೆಂದಿಲ್ಲ, ಮೊಣಕಾಲುದ್ದದ ಸಿಮೆಂಟ್ ತೊಟ್ಟಿ ಸಾಕು. ಗಂಡನ್ನು ಗುರುತಿಸಲು ಬಾಲದ ಮೇಲೆ ಸುರುಳಿ ಸುತ್ತಿದ ಒಂದೆರಡು ಗರಿ ನೋಡಬೇಕು. ದನಿಯೂ ಹೇಳುತ್ತದೆ: ಜೋರಾಗಿ ಕ್ವಾಕ್ ಎನ್ನುವುದು ಹೆಣ್ಣು, ಗಂಟಲು ಕಟ್ಟಿದಂತೆ ಪಿಸುಗುಡುವುದು ಗಂಡು. ಐದಾರು ಹೆಣ್ಣಿಗೆ ಒಂದು ಗಂಡು ಹಿತ. ಗಂಡು ಹೆಚ್ಚಾದರೆ ಎಲ್ಲವೂ ಒಂದೇ ಹೆಣ್ಣನ್ನು ಮುತ್ತುತ್ತವೆ. ಕತ್ತಿನ ಪುಕ್ಕ ಉದುರಿ ಬೋಳಾಗುತ್ತದೆ, ನೀರಿನಲ್ಲಾದರೆ ಹೆಣ್ಣು ಮುಳುಗಿ ಸಾಯುವುದೂ ಉಂಟು.

ಈ ಸೀಮೆಯಲ್ಲಿ ಬಾತಿನ ಕಾವು ಹೇಂಟೆಯಿಂದ ಯಂತ್ರಕ್ಕೆ ದಾಟಿದ್ದು ಹೆಸರಘಟ್ಟದಲ್ಲಿ. ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು ದಿವಾನ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಕೆರೆ ಕಟ್ಟಿದ ಊರು ಅದು. ಇಂದು ಬೆಂಗಳೂರು ನಗರ ಜಿಲ್ಲೆಯ ಲೆಕ್ಕಕ್ಕೆ ಸೇರಿದರೂ ನೆಲಮಂಗಲ, ದೊಡ್ಡಬಳ್ಳಾಪುರಗಳಿಗೆ ಹೊಂದಿಕೊಂಡೇ ಇದೆ. 1986ರಲ್ಲಿ ಗ್ರಾಮಾಂತರ ಜಿಲ್ಲೆ ಬೇರೆಯಾಗುವ ತನಕ ಇವೆಲ್ಲ ಒಂದೇ ಜಿಲ್ಲೆ. ಸ್ವಾತಂತ್ರ್ಯಾನಂತರ ಇಲ್ಲಿನ ಹುಲ್ಲುಗಾವಲಿನ ಸುತ್ತ ಸರ್ಕಾರಿ ಸಂಸ್ಥೆಗಳು ಒಂದರ ಹಿಂದೊಂದು ಬಂದವು: ಡೆನ್ಮಾರ್ಕ್ ನೆರವಿನ ಹೈನುಗಾರಿಕೆ ಯೋಜನೆ, ತೋಟಗಾರಿಕೆ ಸಂಶೋಧನಾ ಸಂಸ್ಥೆ, ಕೇಂದ್ರದ ಕೋಳಿ ತಳಿ ಫಾರಂ. ಕೋಳಿ ಫಾರಂ ಜೊತೆಗೇ ಕೇಂದ್ರೀಯ ಬಾತುಕೋಳಿ ತಳಿ ಫಾರಂ ಕೂಡ ಇಲ್ಲಿ ನೆಲೆಗೊಂಡಿತು. ಆಮೇಲೆ ಕೋಳಿ, ಬಾತಿನ ಈ ಫಾರಂಗಳು ಒಂದಾಗಿ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ದಕ್ಷಿಣ ವಲಯ ಎನಿಸಿಕೊಂಡವು. ಚಂಡೀಗಢ, ಭುವನೇಶ್ವರ, ಮುಂಬೈ ಉಳಿದ ಮೂರು ವಲಯಗಳು.

ಇಲ್ಲಿಂದ ಮೊಟ್ಟೆಗೆ ಖಾಕಿ ಕ್ಯಾಂಪ್‌ಬೆಲ್, ಮಾಂಸಕ್ಕೆ ಬಿಳಿ ಪೆಕಿನ್ ಮತ್ತು ವಿಯೆಟ್ನಾಂ ಮೂಲದ ವಿಗೋವಾ ಮರಿಗಳು ದಕ್ಷಿಣದ ರಾಜ್ಯಗಳಿಗೆಲ್ಲ ಹೋದವು. ಯಂತ್ರದೊಳಗೆ 37.5 ಡಿಗ್ರಿ ಶಾಖ, ತಾನೇ ತಿರುಗುವ ಟ್ರೇ, ಅಳೆದ ತೇವ. 25ನೆಯ ದಿನ ಮೊಟ್ಟೆಗಳು ಒಡೆಯುವ ಪೆಟ್ಟಿಗೆಗೆ ಬದಲಾಗುತ್ತವೆ, 28ನೆಯ ದಿನ ಮರಿ. ಮಂಕರಿಯ ಮುಂದೆ ಕೂತು ಹೆಂಗಸರು ಮಾಡುತ್ತಿದ್ದುದೇ ಇಲ್ಲಿ ಸಾವಿರದ ಲೆಕ್ಕದಲ್ಲಿ ನಡೆಯಿತು. ರೈತರಿಗೆ ತರಬೇತಿಯೂ ಸಿಕ್ಕಿತು. ಬಾತಿನ ಮರಿಗೆ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಹಾಕಬೇಡಿ ಎಂಬುದು ಬಾತು ಸಾಕುವವರು ಕಲಿಯಬೇಕಾದ ಮೊದಲ ಪಾಠಗಳಲ್ಲೊಂದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿಗಳು, ಜೊತೆಗೆ ಬಾತಿನ ಮರಿಗಳು ಸತ್ತಾಗ ಅಂಥ ಹಿಂಡಿಯಲ್ಲೇ ಅಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾಗಿತ್ತು. ಅದಕ್ಕೆ ಎಲ್ಲಕ್ಕಿಂತ ಬೇಗ ಬಲಿಯಾಗುವುದು ಬಾತಿನ ಮರಿ. ಹಸುವಿಗೆ ಹಿಂಡಿ ಕಲಸುವ ಮನೆಯಲ್ಲಿ ಈ ಎಚ್ಚರ ಅಗತ್ಯ. ದೇವನಹಳ್ಳಿ ಬಳಿಯ ವಿಜಯಪುರದ ಸುತ್ತಲ ರೇಷ್ಮೆ ಸೀಮೆಯಲ್ಲಿ ಅದಕ್ಕೆ ಬದಲಿಯೂ ಇದೆ. ನೂಲು ಬಿಚ್ಚಿದ ಮೇಲೆ ಉಳಿಯುವ ಗೂಡಿನ ಹುಳು ಒಳ್ಳೆಯ ಪ್ರೋಟೀನು, ಒಣಗಿಸಿ ಹಾಕಿದರೆ ಬಾತು ಬಿಡುವುದಿಲ್ಲ.

ಯಂತ್ರದ ಕಾವಿಗೆ ಒಂದು ಷರತ್ತಿತ್ತು: ಫಾರಂ ನಡೆಯುತ್ತಿರಬೇಕು. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರದಲ್ಲಿ ಟರ್ಕಿಗಳು ಸಾಲುಸಾಲಾಗಿ ಸತ್ತವು. ಭೋಪಾಲದ ಪ್ರಯೋಗಾಲಯ ಅದು ಹಕ್ಕಿಜ್ವರ ಎಂದು ಖಚಿತಪಡಿಸಿತು. ನಿಯಮದಂತೆ ಕೇಂದ್ರದ ಸಾವಿರಾರು ಹಕ್ಕಿಗಳನ್ನು ಕೊಂದು ಹೂಳಲಾಯಿತು, ಸುತ್ತಲ ಹಳ್ಳಿಗಳಲ್ಲಿ ಮಾರಾಟ ನಿಂತಿತು, ಹಿತ್ತಿಲ ಕೋಳಿಗಳ ಮೇಲೂ ಕಣ್ಗಾವಲು ಬಿತ್ತು. ಬಾತಿನ ಮೈಯಲ್ಲಿ ಈ ವೈರಸ್ ಎಷ್ಟೋ ಸಲ ಲಕ್ಷಣವೇ ತೋರದೆ ಇರಬಲ್ಲದು. ಕೆರೆಗೆ ಬರುವ ವಲಸೆ ಹಕ್ಕಿಗೂ ಗೂಡಿನ ಕೋಳಿಗೂ ನಡುವೆ ಓಡಾಡುವುದು ಮನೆಯ ಬಾತು. ಕೇಂದ್ರ ಮತ್ತೆ ಹಕ್ಕಿ ತಂದು ಕೆಲಸ ಶುರುಮಾಡಿತಾದರೂ, ದಕ್ಷಿಣಕ್ಕೆಲ್ಲ ಮರಿ ಕೊಡುವ ಇಂಥದೊಂದು ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದು ಆ ವರ್ಷ ಕಂಡಿತು.

ಇಷ್ಟರ ನಡುವೆ ಯಾರ ಹಂಗೂ ಇಲ್ಲದೆ ಹಿತ್ತಿಲಲ್ಲಿ ಉಳಿದದ್ದು ಮಸ್ಕೋವಿ. ಕಪ್ಪು ಬಿಳುಪಿನ ದೊಡ್ಡ ಮೈ, ಮುಖದ ಸುತ್ತ ಕೆಂಪು ಗಂಟುಗಳು. ಕ್ವಾಕ್ ಎನ್ನುವುದಿಲ್ಲ, ಗಂಡು ಬುಸುಗುಡುತ್ತದೆ. ಇದರ ಮೂಲ ದಕ್ಷಿಣ ಮತ್ತು ಮಧ್ಯ ಅಮೆರಿಕ. ಕೊಲಂಬಸ್ ಹೋಗುವ ಮುನ್ನವೇ ಅಲ್ಲಿನ ಮೂಲನಿವಾಸಿಗಳು ಪಳಗಿಸಿದ್ದರು, ಯೂರೋಪಿನ ಹಡಗುಗಳು ಲೋಕಕ್ಕೆ ಹಂಚಿದವು. ಕಾಡಿನಲ್ಲಿ ಮರದ ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಯಾದ್ದರಿಂದ ಸೌದೆ ರಾಶಿಯ ಸಂದಿ, ಹುಲ್ಲಿನ ಬಣವೆಯ ಬುಡ ಇದಕ್ಕೆ ಸಾಕು. ಎದೆಯ ಪುಕ್ಕ ಕಿತ್ತು ಹಾಸಿ, 35 ದಿನ ಪಟ್ಟು ಬಿಡದೆ ಕೂರುತ್ತದೆ. ಎಬ್ಬಿಸಲು ಹೋದವರ ಕೈಗೆ ಉಗುರು ತಾಗುತ್ತದೆ. ಕೆರೆ ಬತ್ತಿದರೂ ಇದಕ್ಕೆ ಚಿಂತೆಯಿಲ್ಲ; ಹುಲ್ಲು, ಹುಳು, ಮನೆಯ ಮುಸುರೆಯಲ್ಲಿ ಬದುಕುತ್ತದೆ. ಸಾಮಾನ್ಯ ಬಾತಿನೊಡನೆ ಬೆರೆತರೆ ಹುಟ್ಟುವ ಮರಿ ದಪ್ಪಗೆ ಬೆಳೆದರೂ ಅದರ ಸಂತಾನ ಮುಂದುವರಿಯದು. ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತ ಎದ್ದ ಫಾರ್ಮ್‌ಹೌಸುಗಳಿಗೆ ಚಂದಕ್ಕೆಂದೋ, ಹಾವು ಬಾರದಿರಲೆಂಬ ನಂಬಿಕೆಯಿಂದಲೋ ಬಾತು ತರುವವರಿಗೂ ಕೊನೆಗೆ ಕೈಯಲ್ಲಿ ಉಳಿಯುವುದು ಇದೇ.

ನೀರು ಒಂದಿಷ್ಟು ಮರಳಿದೆ. ದಶಕಗಳ ಕಾಲ ಒಣಗಿದ್ದ ಹೆಸರಘಟ್ಟ ಕೆರೆ 2022ರ ಮಳೆಗೆ ತುಂಬಿತು. ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಕೆರೆಗಳಿಗೆ ಹರಿಯುತ್ತಿದೆ. ಬಾತಿನ ಮೊಟ್ಟೆ ಕೇಳುವ ಬಂಗಾಳಿ, ಅಸ್ಸಾಮಿ, ಮಲಯಾಳಿ ಗಿರಾಕಿಗಳು ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಇದ್ದಾರೆ. ಈಗ ಕೊರತೆಯಿರುವುದು ಕಾವಿಗೆ ಕೂರುವ ಯಾಟೆಯದು. 1980ರ ದಶಕದ ಕೊನೆಗೆ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಬಂದ ಗಿರಿರಾಜ ಹಿತ್ತಿಲ ಕೋಳಿಯ ತೂಕ ಹೆಚ್ಚಿಸಿತು, ಮೊಟ್ಟೆ ಹೆಚ್ಚಿಸಿತು. ಕಾವಿಗೆ ಕೂರುವ ಗುಣವನ್ನು ಮಾತ್ರ ತರಲಿಲ್ಲ. ಅದರ ಹಿಂದೆ ಬಂದ ಸುಧಾರಿತ ತಳಿಗಳದ್ದೂ ಅದೇ ಕಥೆ. ಬಾತು ಸಾಕಬೇಕೆನ್ನುವವರು ಮೊದಲು ಕಾವಿಗೆ ಕೂರುವ ಎರಡು ನಾಟಿ ಯಾಟೆ ಇಟ್ಟುಕೊಳ್ಳಲಿ, ಇಲ್ಲವೇ ಮಸ್ಕೋವಿಯನ್ನೇ ತರಲಿ. ತಳಿ ಅಭಿವೃದ್ಧಿಯ ಹೊಣೆ ಹೊತ್ತ ಸಂಸ್ಥೆಗಳೂ ಮೊಟ್ಟೆಯ ಲೆಕ್ಕ, ಮಾಂಸದ ತೂಕದ ಪಕ್ಕದಲ್ಲಿ ಕಾವಿನ ಗುಣಕ್ಕೂ ಒಂದು ಅಂಕಣ ತೆರೆಯಬೇಕು.